ಹಗಲಾಗದ ಮನೆ

ನಮ್ಮೂರಲ್ಲಿ ರಾತ್ರಿ ತಾನಾಗಿ ಬರುವುದಿಲ್ಲ, ಅದನ್ನು ನಾವೇ ಮಾಡಬೇಕು. ಸೂರ್ಯ ಕೆರೆಯ ಮೇಲೆ ನಿಂತವನು ನಿಂತೇ ಇರುತ್ತಾನೆ. ಅವನು ಮುಳುಗಲಿ ಎಂದು ಕಾದು ಕೂತರೆ ಯಾರೂ ಮಲಗುವ ಹಾಗಿಲ್ಲ. ನನ್ನ ಗಂಡ ಚೌಕಕ್ಕೆ ಹೋಗಿ ಜಾಗಟೆ ಬಡಿಯುತ್ತಾರೆ, ಊರು ಬಾಯಿ ಮುಚ್ಚುತ್ತದೆ, ರಾತ್ರಿಯಾಗುತ್ತದೆ. ಆಮೇಲೆ ಚಪ್ಪಲಿ ಮೆಟ್ಟುವಂತಿಲ್ಲ, ಕೊಡವನ್ನು ಸಿಂಬಿ ಇಲ್ಲದೆ ನೆಲಕ್ಕಿಡುವಂತಿಲ್ಲ, ಎಮ್ಮೆಯ ಕೊರಳ ಗಂಟೆಗೆ ಹುಲ್ಲು ತುರುಕಬೇಕು. ಜಗಳ ನಡೆಯುತ್ತಿದ್ದರೆ ಎಲ್ಲಿಗೆ ಬಂದಿತ್ತೋ ಅಲ್ಲಿಗೇ ಬಿಟ್ಟು ಮಲಗುತ್ತೇವೆ, ಬೆಳಗಿನ ಜಾಗಟೆ ಬಿದ್ದ ಮೇಲೆ ಅಲ್ಲಿಂದಲೇ ಎತ್ತಿಕೊಳ್ಳುತ್ತೇವೆ. ಕೆಮ್ಮಿಗೆ, ಗೊರಕೆಗೆ ಮಾಫಿ ಇದೆ. ಮಾತಿಗಿಲ್ಲ. ಯಾರಾದರೂ ರಾತ್ರಿಯಲ್ಲಿ ಗಂಟಲು ಬಿಚ್ಚಿದರೆ, ಅದು ಯಾರ ಕಿವಿಗೆ ಬಿತ್ತೋ ಅವರಿಗೆಲ್ಲ ಬೆಳಗಾಯಿತೆಂದೇ ಅರ್ಥ. ಎದ್ದು ಮುಖ ತೊಳೆದು ಒಲೆ ಹಚ್ಚಲೇಬೇಕು. ಮತ್ತೆ ಮಲಗುವುದಕ್ಕೆ ನಮ್ಮ ಮೈ ಒಪ್ಪುವುದಿಲ್ಲ.

ಯಾವಾಗ ಬಡಿಯಬೇಕೆಂದು ಹೇಗೆ ಗೊತ್ತಾಗುತ್ತದೆ ಎಂದು ಹೊರಗಿನಿಂದ ಬಂದ ಬಳೆಗಾರನೊಬ್ಬ ನನ್ನ ಗಂಡನನ್ನು ಕೇಳಿದ್ದ. ಇವರು ಬಹಳ ಹೊತ್ತು ಯೋಚಿಸಿ, "ಗೊತ್ತಾಗತೈತಿ" ಅಂದರು. ಇವರ ಅಪ್ಪನಿಗೂ ಗೊತ್ತಾಗುತ್ತಿತ್ತಂತೆ. ಬಳೆಗಾರ ಅದನ್ನೇ ದೊಡ್ಡ ಉತ್ತರವೆಂದುಕೊಂಡು ನನಗೆ ಎರಡು ಬಳೆ ಹೆಚ್ಚಿಗೆ ತೊಡಿಸಿ ಹೋದ.

ನನ್ನ ಹೆಸರು ಗುರುಬಸವ್ವ. ಜಾಗಟೆ ರುದ್ರಪ್ಪನ ಹೆಂಡತಿ ಎಂದರೆ ಊರಲ್ಲಿ ಬೇಗ ಗೊತ್ತಾಗುತ್ತದೆ. ಆದರೆ ಆ ರುದ್ರಪ್ಪನೊಂದಿಗೆ ನಾನು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಹೇಳುತ್ತೇನೆ, ಮುಚ್ಚಿಡುವುದೇನಿಲ್ಲ. ನನ್ನ ಅವ್ವ ಕೆಳಗಿನ ಓಣಿಯಲ್ಲಿದ್ದಳು. ಒಂದು ಸಲ ರಾತ್ರಿ ಮಾಡಿದ ಮೇಲೆ ಅವಳ ಉಸಿರು ಕೆಟ್ಟಿತು. ನನ್ನ ತಮ್ಮ ಬರಿಗಾಲಲ್ಲಿ ಓಡಿಬಂದು, ಬಾಗಿಲಲ್ಲಿ ನಿಂತು, ಕೈಸನ್ನೆಯಲ್ಲೇ ಇವರಿಗೆ ತಿಳಿಸಿ ಹೋದ. ನಾನು ಒಳಗೆ ನಿದ್ದೆಯಲ್ಲಿದ್ದೆ. ಇವರು ತಲೆಯಾಡಿಸಿದರು. ಬೆಳಗಿನ ಹೊತ್ತಿಗೆ ಜಾಗಟೆ ಬಡಿದು, ಮನೆಗೆ ಬಂದು, ಆಮೇಲೆ ನನಗೆ ಹೇಳಿದರು. ನಾನು ಹೋಗುವಷ್ಟರಲ್ಲಿ ಅವ್ವನಿಗೆ ಸ್ನಾನ ಮಾಡಿಸಿ, ಗೋಡೆಗೆ ಕೂಡಿಸಿ, ಹಾರ ಹಾಕಿದ್ದರು.

ಅದಾದರೂ ಹೋಗಲಿ. ಊರಿನವರು ಇವರನ್ನು ಹೊಗಳಿದರು. "ಮನ್ಯಾಗ ಅಂಥಾದ್ದು ಆದ್ರೂ ರಾತ್ರಿ ಮುರೀಲಿಲ್ಲ ನೋಡು, ಮನಷ್ಯಾ ಅಂದ್ರ ಹಿಂಗಿರಬೇಕು" ಎಂದು ಅವ್ವನ ಮಣ್ಣಿಗೆ ಬಂದವರೇ ಅಂದರು. ಇವರು ತಲೆ ತಗ್ಗಿಸಿಕೊಂಡು ನಿಂತಿದ್ದರು, ಇಲ್ಲ ಎನ್ನಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಎಲ್ಲರ ಎದುರಿಗೇ, "ನಿಮ್ಮ ಕೂಡ ನನಗ ಇನ್ನ ಹಗಲಿಲ್ಲ" ಅಂದೆ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಅದನ್ನು ಅಂದ ಮೇಲೆ ಮತ್ತೆ ಆಡಲು ಏನೂ ಉಳಿಯುವುದಿಲ್ಲ. ಇವರೂ ನನ್ನೊಂದಿಗೆ ಮಾತಾಡಲಿಲ್ಲ. ನಾನು ಅಂದದ್ದಕ್ಕೆ ಬೆಲೆ ಕೊಟ್ಟರೋ, ಇವರಿಗೂ ಹಟವೋ, ನನಗೆ ಬೇಕಾಗಿರಲಿಲ್ಲ.

ಆಗ ನಮ್ಮ ಮಗಳು ಪ್ರಮೀಳಾ ಎರಡು ಜಡೆ ಹಾಕಿಕೊಳ್ಳುವ ಹುಡುಗಿ. ಮನೆಯ ಮಾತೆಲ್ಲ ಅವಳ ಮೂಲಕ ನಡೆಯತೊಡಗಿತು. "ಪ್ರಮೀಳಾ, ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವು" ಎಂದು ನಾನು ಅಡುಗೆಮನೆಯಿಂದ ಅನ್ನುವುದು. "ಯವ್ವಾ, ಅಪ್ಪ ಬಂದ್ನಿ ಅಂತಾನ" ಎಂದು ಅವಳು ಪಡಸಾಲೆಯಿಂದ ಅನ್ನುವುದು. ಇವರು ಅವಳ ಪಕ್ಕದಲ್ಲೇ ಕೂತಿರುತ್ತಿದ್ದರು, ನಾನು ಅಂದದ್ದು ಇವರಿಗೆ ನೇರವಾಗಿ ಕೇಳಿಸಿರುತ್ತಿತ್ತು. ಆದರೂ ಅವಳು ಹೇಳುವ ತನಕ ಏಳುತ್ತಿರಲಿಲ್ಲ. ಪದ್ಧತಿ ಅಂದರೆ ಪದ್ಧತಿ. ಅವಳ ಮದುವೆಯಾಗಿ ಕೆರೆಯಾಚೆಯ ಊರಿಗೆ ಹೋದ ಮೇಲೆ ಆ ಕೆಲಸವನ್ನು ಪಾತ್ರೆಗಳು ವಹಿಸಿಕೊಂಡವು. ತಾಟು ಜೋರಾಗಿ ಇಟ್ಟರೆ ಊಟಕ್ಕೆ ಬನ್ನಿ ಎಂದು. ಇವರು ಕೆಮ್ಮಿದರೆ ಬಂದೆ ಎಂದು. ತಂಬಿಗೆ ಉರುಳಿಸಿದರೆ ನೀರು ಖಾಲಿ ಎಂದು. ಇಷ್ಟರಲ್ಲೇ ಸಂಸಾರ ಸಲೀಸಾಗಿ ಸಾಗುತ್ತಿತ್ತು. ಪಕ್ಕದ ಮನೆಯ ಅಂಬವ್ವ, ಮಿರ್ಚಿಬಜಿ ಕರಿದು ಮಾರುವವಳು, ನಮ್ಮನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದಳು. "ಅಕ್ಕಾ, ನಿಮ್ಮ ಮನ್ಯಾಗ ಮಂದಿ ಅದಾರೋ ಇಲ್ಲೋ ಗೊತ್ತಾಗಂಗಿಲ್ಲ ನೋಡ್ರಿ. ನಮ್ಮದೂ ಒಂದು ಮನಿ, ಹಗಲೆಲ್ಲಾ ಒದರಾಟ" ಅನ್ನುತ್ತಿದ್ದಳು. ನಾನು ಬೀಗುತ್ತಿದ್ದೆ.

ಪ್ರಮೀಳಾ ಚೊಚ್ಚಲ ಬಾಣಂತನಕ್ಕೆ ಬಂದಳು, ಗಂಡುಮಗುವಾಯಿತು. ಮೂಗು ಇವರದು, ಹಣೆ ನನ್ನ ಅವ್ವನದು. ಮಗುವನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ಆ ಹಣೆಯ ಮೇಲೆ ಹೆಬ್ಬೆರಳು ಆಡಿಸುತ್ತ ಕೂತೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಇವರಿಗೂ ಕಾಣಿಸಿರಬೇಕು, ಯಾಕೆಂದರೆ ಕೂಡಲೇ ಹಿತ್ತಲಿಗೆ ಹೋಗಿ ಏನೂ ಕೆಲಸವಿಲ್ಲದೆ ಸೌದೆ ಒಡೆಯತೊಡಗಿದರು.

ಹೊಸ ಮಗುವಿಗೆ ರಾತ್ರಿ ಗೊತ್ತಿರುವುದಿಲ್ಲ. ಅದು ನಮ್ಮೂರಲ್ಲಿ ಎಲ್ಲರಿಗೂ ತಿಳಿದದ್ದೇ, ತೊಟ್ಟಿಲಿಗೆ ಹಾಕುವ ತನಕ ಓಣಿಯವರು ಸಹಿಸಿಕೊಳ್ಳುತ್ತಾರೆ. ಆಮೇಲೆ ಮಗು ಕಲಿಯುತ್ತದೆ. ಕಲಿಸುವ ರೀತಿಯೂ ಕಷ್ಟದ್ದಲ್ಲ. ಹಗಲು ಮಗುವನ್ನು ಅಂಗಳಕ್ಕೆ ತರಬೇಕು, ಮೈ ತಿಕ್ಕಿ ಎರೆಯಬೇಕು, ಮುಖ ನೋಡಿ ಆಡಿಸಬೇಕು. ರಾತ್ರಿ ಎದ್ದರೆ ಹಾಲು ಕೊಡಬೇಕು, ಮುಖ ನೋಡಬಾರದು, ಸುಮ್ಮನೆ ಮತ್ತೆ ತೊಟ್ಟಿಲಿಗೆ ಹಾಕಬೇಕು. ನಾವು ಎಲ್ಲವನ್ನೂ ಮಾಡಿದೆವು. ಬಜೆ ತೇಯ್ದು ನಾಲಿಗೆಗೆ ಸವರಿದೆವು. ಲೋಬಾನದ ಹೊಗೆ ಹಾಕಿದೆವು. ನಮ್ಮ ಮಗು ಹಗಲೆಲ್ಲ ಸತ್ಪುರುಷನ ಹಾಗೆ ಮಲಗುತ್ತಿತ್ತು. ಇವರು ಹೋಗಿ ರಾತ್ರಿಯ ಜಾಗಟೆ ಬಡಿದು, ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ಬಂದು ಕಾಲು ತೊಳೆದುಕೊಳ್ಳುವಷ್ಟರಲ್ಲಿ ಕಣ್ಣು ಬಿಟ್ಟು, ಬಾಯಿ ಬಿಟ್ಟು, ಅಳುತ್ತಿತ್ತು.

ಮೊದಲು ಎದ್ದವಳು ಅಂಬವ್ವ. ನಿಯಮದ ಪ್ರಕಾರ ಅವಳಿಗೆ ಬೆಳಗಾಗಿತ್ತು, ಬಾಣಲೆ ಇಟ್ಟಳು. ಎದುರು ಮನೆಯ ಹನುಮಂತ ಮಾಸ್ತರರು ಎದ್ದು ಹೋಗಿ ಶಾಲೆ ತೆರೆದರು. ನಮ್ಮ ಮಗು ಅತ್ತದ್ದು ಕೇಳಿಸಿದ ಮನೆಗಳ ಮಕ್ಕಳು ಬಂದರು, ಕೇಳಿಸದ ಮನೆಗಳ ಮಕ್ಕಳು ಮಲಗಿದ್ದರು. ಊರಿನ ಉಳಿದವರು ಎದ್ದಾಗ ನಮ್ಮ ಓಣಿಯ ಈ ತುದಿಯವರಿಗೆ ಊಟವಾಗಿ ಮಧ್ಯಾಹ್ನದ ತೂಕಡಿಕೆ. ಹೀಗೆ ಆಗಿ ಆಗಿ ಓಣಿಯ ಒಂದು ತುದಿಗೆ ಬುಧವಾರವಾದರೆ ಇನ್ನೊಂದು ತುದಿಗೆ ಇನ್ನೂ ಮಂಗಳವಾರ. ಅಂಬವ್ವ ಗುರುವಾರ ಉಳ್ಳಾಗಡ್ಡಿ ಮುಟ್ಟುವವಳಲ್ಲ. ಅತ್ತ ತುದಿಯ ಗಿರಾಕಿಗಳು ತಮ್ಮ ಬುಧವಾರದಲ್ಲಿ ನಿಂತು ಉಳ್ಳಾಗಡ್ಡಿ ಬಜಿ ಕೇಳಿ ಜಗಳ ತೆಗೆಯುತ್ತಿದ್ದರು. ಮಾಸ್ತರರು ಒಂದೇ ಪಾಠವನ್ನು ಎರಡೆರಡು ಸಲ ಮಾಡಬೇಕಾಯಿತು. ಎರಡನೆಯ ಸಲಕ್ಕೆ ತಮಗೇ ಚೆನ್ನಾಗಿ ಅರ್ಥವಾಯಿತು ಎಂದು ಹೇಳಿದರು, ಆದರೆ ಸಿಟ್ಟಿನಲ್ಲೇ ಹೇಳಿದರು.

ತೊಟ್ಟಿಲ ಶಾಸ್ತ್ರ ಮುಗಿದ ಮೇಲೂ ಹೀಗೇ ಆದಾಗ ಓಣಿಯವರ ಮುಖ ಬದಲಾಯಿತು. ಜಾಗಟೆಯವರ ಮನೆಯ ಮಗುವೇ ಊರಿನ ರಾತ್ರಿ ಒಡೆಯುತ್ತದೆ ಎಂದು ಬಾವಿಕಟ್ಟೆಯಲ್ಲಿ ನಗುವವರು ನಕ್ಕರು. ಸುದ್ದಿ ಕೆರೆಯಾಚೆಗೂ ಹೋಯಿತು. ಪ್ರಮೀಳಾಳ ಅತ್ತೆ, ನಮ್ಮ ಬೀಗತಿ ಶಂಕ್ರವ್ವ, ಸಂತೆಗೆ ಬಂದವರ ಬಾಯಲ್ಲಿ ಹೇಳಿ ಕಳಿಸಿದಳು: ಬರುವ ಸಂತೆಯ ದಿನ ಗಾಡಿ ತರುತ್ತಾಳಂತೆ, ಸೊಸೆಯನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೋಗುತ್ತಾಳಂತೆ, ತಮ್ಮದು ತುಂಬಿದ ಮನೆಯಂತೆ, ಅಲ್ಲಿ ಮಗು ತಾನೇ ಕಲಿಯುತ್ತದಂತೆ.

ಹಸಿ ಬಾಣಂತಿಯನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ಒಯ್ಯುವುದು ಅಂದರೆ ಏನೆಂದು ಹೆತ್ತವರಿಗೇ ಗೊತ್ತು. ಪ್ರಮೀಳಾ ಇನ್ನೂ ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದಳು. ಅದಲ್ಲದೆ, ಬಾಣಂತನ ಮಾಡಲು ಬರಲಿಲ್ಲ ಎಂದು ತವರಿನಿಂದ ಅರ್ಧಕ್ಕೆ ಎಬ್ಬಿಸಿಕೊಂಡು ಹೋದ ಸೊಸೆಯನ್ನು ಮತ್ತೆ ಯಾರು ಕಳಿಸುತ್ತಾರೆ? ಶಂಕ್ರವ್ವ ಕಳಿಸುವವಳಲ್ಲ. ಮಗಳು ಹೋಗುತ್ತಾಳೆ, ಅವ್ವನ ಹಣೆಯ ಮಗು ಹೋಗುತ್ತದೆ, ಮತ್ತೆ ನಾನು, ಇವರು, ತಾಟು, ತಂಬಿಗೆ. ಆ ಸುದ್ದಿ ಕೇಳಿದ ದಿನ ನಾನು ಅಡುಗೆಮನೆಯಲ್ಲಿ ಕೂತು ಹಿಟ್ಟು ನಾದುತ್ತಲೇ ಇದ್ದೆ. ರೊಟ್ಟಿ ಬಡಿಯುವುದು ಮರೆತೇ ಹೋಗಿತ್ತು.

ಅಷ್ಟರಲ್ಲಿ ಅಂಬವ್ವನಿಗೆ ಕನಿಕರ ಬಂದು, ಒಂದು ಹಗಲು ಮಗುವನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು. ಅವಳೂ ಅವಳ ಗಂಡನೂ ಎಣ್ಣೆ ಯಾರು ಚೆಲ್ಲಿದರು ಎಂದು ಮಧ್ಯಾಹ್ನದ ತನಕ ಕೂಗಾಡಿದರು. ಮಗು ಒಮ್ಮೆ ಅವಳ ಕಡೆ, ಒಮ್ಮೆ ಅವನ ಕಡೆ ಕಣ್ಣು ತಿರುಗಿಸುತ್ತ ಎಚ್ಚರವಾಗಿಯೇ ಇತ್ತಂತೆ. ಅಂದಿನ ರಾತ್ರಿ ಒಂದೇ ಸಲ ಎದ್ದಿತು, ಹಾಲು ಕುಡಿದು ಮಲಗಿತು. ಮಾಸ್ತರರು ಕೂಡ ಮಲಗಿದರು.

ಬೆಳಿಗ್ಗೆ ಪ್ರಮೀಳಾ ನನ್ನನ್ನು ಹತ್ತಿರ ಕರೆದಳು. "ಯವ್ವಾ, ನಿಂದರಬ್ಯಾಡ, ಕುಂದ್ರು" ಅಂದಳು. ಕೂತೆ. "ಕೂಸಿಂದೇನೂ ತಪ್ಪಿಲ್ಲ. ಈ ಮನ್ಯಾಗ ಹಗಲಽ ಆಗೂದಿಲ್ಲ. ನಿಮ್ಮಿಬ್ಬರ ಬಾಯಿ ರಾತ್ರಿನೂ ಮುಚ್ಚಿರ್ತೈತಿ, ಹಗಲೂ ಮುಚ್ಚಿರ್ತೈತಿ. ಅದಕ್ಕ ಹೆಂಗ ತಿಳೀಬೇಕು?"

"ನೀನೂ ಇದಽ ಮನ್ಯಾಗ ಬೆಳದಾಕಿ" ಅಂದೆ.

"ಹೌದು. ನಾ ಇದ್ದಾಗ ನಾನಽ ನಿಮ್ಮ ಹಗಲಾಗಿದ್ನಿ. ಅಡಗಿಮನಿಯಿಂದ ಪಡಸಾಲಿಗೆ, ಪಡಸಾಲಿಯಿಂದ ಅಡಗಿಮನಿಗೆ ಮಾತು ಹೊತ್ತು ಹೊತ್ತು ನನ್ನ ಕಾಲು ಸವದಾವು. ನನ್ನ ಮಗನ ಕೈಯಾಗೂ ಅದನ್ನಽ ಮಾಡಸ್ಬೇಕಂತಿಯೇನು?"

ನನಗೆ ಸಿಟ್ಟು ಬಂತು. ಹೆತ್ತ ಮಗಳು ಹೀಗೆ ಮುಖಕ್ಕೆ ಹೊಡೆದ ಹಾಗೆ ಅಂದರೆ ಯಾರಿಗೆ ಬರುವುದಿಲ್ಲ? ಅವಳು ಅಂದದ್ದು ನಿಜವೆಂದು ಗೊತ್ತಿದ್ದರಿಂದ ಇನ್ನೂ ಹೆಚ್ಚು ಬಂತು. ಆದರೆ ಊರಿನ ಎದುರು ಆಡಿದ ಮಾತು ಆಡಿದ್ದೇ. ಮಾತಾಡದೆಯೂ ಹಗಲು ಮಾಡಬಹುದು ಎಂದುಕೊಂಡು ಸೆರಗು ಕಟ್ಟಿದೆ.

ಮರುದಿನದಿಂದ ನಾನು ಒಲೆಯನ್ನು ಬೈಯತೊಡಗಿದೆ. ಉರಿಯದ ಸೌದೆಯನ್ನು, ಉಕ್ಕಿದ ಹಾಲನ್ನು, ಕದ್ದು ಬಂದ ಬೆಕ್ಕನ್ನು ಗಂಟಲು ಹರಿಯುವ ಹಾಗೆ ಬೈದೆ. ಇವರಿಗೂ ಮಗಳು ಏನೋ ಹೇಳಿರಬೇಕು. ಪಡಸಾಲೆಯಲ್ಲಿ ಕೂತು ಸಾಮಾನು ಕಟ್ಟಿಕೊಂಡು ಬಂದಿದ್ದ ಹಳೆಯ ಪೇಪರಿನ ಚೂರುಗಳನ್ನು ಜೋರಾಗಿ ಓದತೊಡಗಿದರು. ಯಾವುದೋ ಊರಿನ ಎತ್ತಿನ ಜಾತ್ರೆಯ ಸುದ್ದಿ ಅರ್ಧ, ಹಲ್ಲುಪುಡಿಯ ಜಾಹೀರಾತು ಅರ್ಧ. ನಾನು ಒಳಗೆ ಬೆಕ್ಕಿನ ವಂಶವನ್ನೆಲ್ಲ ಎತ್ತಿ ಆಡುತ್ತಿದ್ದರೆ ಇವರು ಹೊರಗೆ ಹಲ್ಲುಪುಡಿಯ ಗುಣಗಳನ್ನು ಕೂಗಿ ಹೇಳುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಮಗು ಇಬ್ಬರ ನಡುವೆ ತೊಟ್ಟಿಲಲ್ಲಿ ಮುಷ್ಟಿ ಬಿಗಿದುಕೊಂಡು ನಿದ್ದೆ ಹೊಡೆಯಿತು. ರಾತ್ರಿ ಯಥಾಪ್ರಕಾರ ಎದ್ದಿತು. ಬಾಣಲೆ ಒಲೆಯೇರಿತು.

"ಒಬ್ಬರು ಅಂದ್ರ ಇನ್ನೊಬ್ಬರು ಅನ್ನಬೇಕು, ಯವ್ವಾ" ಅಂದಳು ಪ್ರಮೀಳಾ. "ಬರೇ ಒದರಿದ್ರ ಅದು ಗಾಳಿ ಬೀಸಿದಂಗ. ಕೂಸು ಯಾಕ ಎದ್ದೀತು?" ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಭುಜ ಅಲುಗುತ್ತಿತ್ತು. ಬಾಣಂತಿ ಅಳಬಾರದು, ಕಣ್ಣಿಗೆ ಕೆಡುಕು. ನಾನು ಹಾಗೆಂದು ಹೇಳಿ ಹೊರಗೆ ಬಂದೆ. ಹೊರಗೆ ಇವರು ಪೇಪರ್ ಮಡಚಿಕೊಂಡು ನಿಂತಿದ್ದರು. ನನ್ನನ್ನು ನೋಡಿ ಬಾಯಿ ತೆರೆದರು. ನಾನು ಮುಖ ತಿರುಗಿಸಿದೆ. ಮುಚ್ಚಿದರು.

ಸಂತೆಯ ದಿನ ಬಂತು. ಶಂಕ್ರವ್ವ ಹೇಳಿದ ಹಾಗೆಯೇ ಗಾಡಿ ತಂದಳು. ಒಳಗೆ ಬಂದು ಸೊಸೆಯ ಹಣೆ ಮುಟ್ಟಿ ನೋಡಿ, ಪಡಸಾಲೆಯಲ್ಲಿ ಕೂತು ನಾನು ಕೊಟ್ಟ ಒಗ್ಗರಣೆ ಅವಲಕ್ಕಿಯನ್ನು ತಿನ್ನುತ್ತ, "ಕೂಸಿಗೆ ಎರದ್ರ ಹೊಂಟ ಬಿಡ್ತೀವಿ" ಅಂದಳು. ಗಾಡಿಯವನು ಪ್ರಮೀಳಾಳ ಟ್ರಂಕನ್ನು ಹೊತ್ತು ಗಾಡಿಗೆ ಹಾಕಿದ. ಅದು ಗಾಡಿಯ ಹಲಗೆಗೆ ಬಡಿದ ಸದ್ದು ನನ್ನ ಎದೆಗೇ ಬಡಿಯಿತು.

ದಿನವೂ ನಾನು ಎರೆಯುವಾಗ ಅಂಬವ್ವ ನೀರು ಹಾಕುತ್ತಿದ್ದಳು. ಅಂದು ಅವಳಿಗೆ ಹಿಂದಿನ ರಾತ್ರಿಯ ಅಳುವಿನ ದೆಸೆಯಿಂದ ಸಂಜೆಯಾಗಿಬಿಟ್ಟಿತ್ತು, ಬಾಗಿಲು ಹಾಕಿಕೊಂಡು ಮಲಗಿದ್ದಳು. ನಾನು ಬಚ್ಚಲಲ್ಲಿ ಕಾಲು ಚಾಚಿ, ಕಾಲ ಮೇಲೆ ನಿದ್ದೆಯಲ್ಲಿದ್ದ ಮಗುವನ್ನು ಹಾಕಿಕೊಂಡು, ಎಣ್ಣೆ ತಿಕ್ಕಿ ಕೂತಿದ್ದೆ. ನೀರು ಹಾಕುವವರಿಲ್ಲ. ತಂಬಿಗೆಯನ್ನು ಹಂಡೆಗೆ ಬಡಿದೆ. ಇವರು ಬಂದರು. ಬಗ್ಗಿ ತಂಬಿಗೆ ತೆಗೆದುಕೊಂಡು, ಬೆರಳು ಅದ್ದಿ ನೋಡಿ, ಮಗುವಿನ ಬೆನ್ನಿಗೆ ಸುರಿದರು. ನನ್ನ ಅಂಗೈಗೆ ಚುರ್ ಎಂದಿತು. "ನಿಮ್ಮಜ್ಜಗ ಹೇಳಪಾ, ನೀರು ಸುಡಾಕತ್ತಾವಂತ" ಎಂದು ಮಗುವಿಗೆ ಅಂದೆ. ಮಗು ಹೇಳಲಿಲ್ಲ. ಹೇಳಬೇಕಾದವರು ಹೇಳುವ ತನಕ ಕೇಳಿಸಿಕೊಳ್ಳದ ಪದ್ಧತಿ ಇವರ ರಕ್ತಕ್ಕೇ ಇಳಿದುಹೋಗಿತ್ತು. ಇನ್ನೊಂದು ತಂಬಿಗೆ ತುಂಬಿ ಎತ್ತಿದರು.

"ನೀರು ಸುಡಾಕತ್ತಾವ್ರೀ! ಕಣ್ಣು ಎಲ್ಲಿಟ್ಟೀರಿ?" ಅಂದೆ.

ತಂಬಿಗೆ ಗಾಳಿಯಲ್ಲಿ ನಿಂತಿತು. ನಾನು ನೇರವಾಗಿ ಇವರ ಮುಖಕ್ಕೇ ಅಂದಿದ್ದೆ. ಪಡಸಾಲೆಯಲ್ಲಿ ಅವಲಕ್ಕಿ ಅಗಿಯುವ ಸದ್ದು ನಿಂತಿತು.

"ಬೆರಳು ಅದ್ದಿ ನೋಡೇ ಹಾಕೀನಿ. ಹದ ಅದಾವು" ಅಂದರು ಇವರು. ದನಿ ನನಗೆ ನೆನಪಿದ್ದದ್ದಕ್ಕಿಂತ ಒಡಕಾಗಿತ್ತು.

"ಜಾಗಟಿ ಬಡದೂ ಬಡದೂ ನಿಮ್ಮ ಕೈ ಜಡ್ಡುಗಟ್ಟೈತಿ, ನಿಮಗೇನ್ ತಿಳೀತೈತಿ ಹದ?"

"ಅದಽ ಕೈಲೆ ಈ ಮನಿ ನಡದೈತಿ."

"ಕೂಸಿಗೆ ಎರಿಯೂದು ನನಗ ಹೇಳಿಕೊಡಬ್ಯಾಡ್ರಿ. ಓಣಿ ಕೂಸುಗಳಿಗೆಲ್ಲಾ ಎರದಾಕಿ ನಮ್ಮವ್ವ!"

ಅವ್ವ ಎಂಬ ಶಬ್ದ ಬಾಯಿಂದ ಬಂದದ್ದೇ ಬಂತು, ಮುಂದಿನದನ್ನು ಹಿಡಿಯಲು ನನ್ನ ಕೈಲಾಗಲಿಲ್ಲ. "ಬಾಯಿ ಬ್ಯಾಡಾಗಿತ್ರೀ ಅವತ್ತು. ರಟ್ಟಿ ಹಿಡದು ಅಲುಗಾಡಿಸಿದ್ರ ಸಾಕಾಗಿತ್ತು, ನಾ ಏಳತಿದ್ದೆ. ಮಾತಾಡಬಾರದು ಅಂತ ಐತಿ, ಮುಟ್ಟಬಾರದು ಅಂತ ಎಲ್ಲಿ ಐತಿ?"

ಇವರು ತಂಬಿಗೆಯನ್ನು ಹಂಡೆಯ ಕಟ್ಟೆಯ ಮೇಲಿಟ್ಟರು. "ನಿನ್ನ ಹಾಸಿಗಿ ಹಂತ್ಯಾಕಽ ಕುಂತಿದ್ನಿ" ಅಂದರು. "ಎಬ್ಬಿಸಬೇಕಂತ ಕೈ ಚಾಚತಿದ್ದೆ, ತಗೀತಿದ್ದೆ."

"ಯಾಕ ತಗದ್ರಿ?"

"ಎಬ್ಬಿಸಿದ್ರ ನೀ ಚೀರತಿದ್ದಿ. ನೀ ಚೀರಿದ್ರ ಊರಿಗೆ ಊರು ಏಳತಿತ್ತು."

"ಏಳಲಿ!"

"ಹೌದು. ಏಳಲಿ ಅನ್ನಬೇಕಾಗಿತ್ತು. ಅವತ್ತಿನಿಂದ ನನಗೂ ಹಂಗಽ ಅನಸ್ತೈತಿ."

ಇಷ್ಟು ವರ್ಷ ಇವರ ಮೇಲೆ ಎತ್ತಿಟ್ಟುಕೊಂಡಿದ್ದ ಸಿಟ್ಟಿಗೆ ಬಡಿಯಲು ಗೋಡೆಯೇ ಇಲ್ಲದ ಹಾಗಾಯಿತು. ಆದರೂ ಬಿಡುವವಳಲ್ಲ ನಾನು. "ಮತ್ತ ಇಷ್ಟು ವರ್ಸ ಯಾಕ ಹೇಳಲಿಲ್ಲ?" ಅಂದೆ.

"ಯಾರ ಕೈಲೆ ಹೇಳಿ ಕಳಸ್ಲಿ?" ಇವರಿಗೂ ಈಗ ಸಿಟ್ಟು ಬಂದಿತ್ತು. "ಸಣ್ಣ ಹುಡುಗಿ, ಮಗಳ ಕೈಲೆ ಹೇಳಿ ಕಳಸೂ ಮಾತೇನ ಅದು? ತಾಟು ಬಡದು ಹೇಳ್ಲ್ಯಾ? ಕೆಮ್ಮಿ ಹೇಳ್ಲ್ಯಾ?"

ಕಾಲ ಮೇಲೆ ಏನೋ ಅಲುಗಿತು. ಮಗು ಎದ್ದಿತ್ತು. ಮೈಯೆಲ್ಲ ಎಣ್ಣೆ, ಅರ್ಧ ನೀರು, ಅಳುತ್ತಿರಲಿಲ್ಲ. ಕುತ್ತಿಗೆ ನಿಲ್ಲದಿದ್ದರೂ ತಲೆ ಎತ್ತಲು ನೋಡುತ್ತ, ಒಮ್ಮೆ ನನ್ನ ದನಿಯ ಕಡೆ, ಒಮ್ಮೆ ಇವರ ದನಿಯ ಕಡೆ ಕಣ್ಣು ತಿರುಗಿಸುತ್ತಿತ್ತು. ಅದರ ಬಾಯಿ ಸಣ್ಣಗೆ ತೆರೆದಿತ್ತು. ಪ್ರಮೀಳಾ ಗೋಡೆ ಹಿಡಿದುಕೊಂಡು ಬಚ್ಚಲ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಹಿಂದೆ ಅವಲಕ್ಕಿಯ ತಾಟು ಹಿಡಿದ ಶಂಕ್ರವ್ವ.

"ನಿಂದರಸಬ್ಯಾಡ್ರಿ," ಅಂದಳು ಪ್ರಮೀಳಾ, "ಮಾತಾಡ್ರಿ."

ಮಾತಾಡಿದೆವು. ನೀರಿಗೆ ತಣ್ಣೀರು ಬೆರೆಸುತ್ತ ಜಗಳವಾಡಿದೆವು, ಮಗುವಿಗೆ ಬಟ್ಟೆ ಸುತ್ತುತ್ತ ಜಗಳವಾಡಿದೆವು. ಇವರು ಸಾರಿಗೆ ಹುಣಸೆಹಣ್ಣು ಹೆಚ್ಚಾಗುತ್ತದೆಂದು ಪ್ರಮೀಳಾಳ ಮದುವೆಗೂ ಮೊದಲಿನಿಂದ ಹೇಳಬೇಕೆಂದಿದ್ದರಂತೆ. ನಾನು ಇವರ ಗೊರಕೆಯ ವಿಷಯ ಎತ್ತಿದೆ. ಯಾವುದೋ ಮಳೆಗಾಲದಲ್ಲಿ ಇವರಿಗೆ ಜ್ವರ ಬಂದಾಗ ನಾನು ಕಷಾಯ ಇಟ್ಟು ಹೇಳದೆ ಹೋಗಿದ್ದೆ, ಇವರು ಅದನ್ನು ಬೆಕ್ಕಿಗಿಟ್ಟದ್ದು ಎಂದುಕೊಂಡು ಕುಡಿದಿರಲಿಲ್ಲವಂತೆ. ಬೆಕ್ಕಿಗೆ ಯಾರಾದರೂ ಮೆಣಸಿನ ಕಷಾಯ ಇಡುತ್ತಾರೆಯೇ ಎಂದು ನಾನು ಕೇಳಿದೆ. ಈ ಮನೆಯಲ್ಲಿ ಏನು ಬೇಕಾದರೂ ನಡೆಯುತ್ತದೆ ಎಂದರು. ಅಂಬವ್ವ ಎದ್ದು ಗೋಡೆಗೆ ಆತು ನಿಂತು ಕೇಳಿದಳು, ಅವಳ ಬಜಿ ಕರಕಲಾದವು. ಮಗು ಊರಿನ ಜೊತೆಗೆ ಹಗಲೆಲ್ಲ ಎಚ್ಚರವಿತ್ತು.

ಶಂಕ್ರವ್ವ ಹೊರಡಲಿಲ್ಲ. "ಏನವಾ ಇದು, ನಮ್ಮ ಮನಿಕಿಂತ ಜೋರೈತಿ" ಎಂದು ಒಂದು ಸಲ ಅಂದಳು. ಸಂಜೆಯ ಹೊತ್ತಿಗೆ, "ಒಂದು ರಾತ್ರಿ ನೋಡ್ತೀನಿ. ಕೂಸು ರಾತ್ರಿ ಹಿಡೀತಂದ್ರ ಇಲ್ಲೇ ಇರ್ಲಿ. ಇಲ್ಲಂದ್ರ ಬೆಳಗ್ಗೆದ್ದು ಗಾಡಿ ಹೂಡ್ತೀನಿ" ಎಂದು ಟ್ರಂಕನ್ನು ಗಾಡಿಯಿಂದ ಇಳಿಸಲು ಬಿಡದೆ, ತೊಟ್ಟಿಲ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತಳು.

ನಾನು ನನ್ನ ತಮ್ಮನ ವಿಷಯದಲ್ಲಿ ಇವರಿಗೆ ಒಂದು ಮಾತು ಅನ್ನುತ್ತಿರುವಾಗಲೇ ಇವರು ಎದ್ದು ಹೋಗಿ ಜಾಗಟೆ ಬಡಿದುಬಿಟ್ಟರು. ರಾತ್ರಿಯಾಯಿತು. ಮಾತು ಗಂಟಲಲ್ಲೇ ಉಳಿಯಿತು. ಮಗು ಹಾಲು ಕುಡಿದು ಮಲಗಿತು. ಶಂಕ್ರವ್ವ ಕಣ್ಣು ಮುಚ್ಚದೆ ತೊಟ್ಟಿಲನ್ನೇ ನೋಡುತ್ತಿದ್ದಳು. ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಆ ಬದಿಗೆ ಹೊರಳಿದೆ, ಈ ಬದಿಗೆ ಹೊರಳಿದೆ. ಇಷ್ಟು ವರ್ಷ ರಾತ್ರಿಯೂ ಹಗಲೂ ನನಗೆ ಒಂದೇ ಆಗಿತ್ತು, ಮಲಗಿದ ಕೂಡಲೇ ನಿದ್ದೆ ಬರುತ್ತಿತ್ತು. ಈಗ ಬೆಳಗಾಗಲಿ ಎಂದು ಜೀವ ಚಡಪಡಿಸುತ್ತಿತ್ತು. ಎದ್ದು ಕೂತೆ. ಆ ಕಡೆ ಇವರೂ ಎದ್ದು ಕೂತಿದ್ದರು.

ಇವರು ಚಪ್ಪಲಿ ಕೈಗೆ ತೆಗೆದುಕೊಂಡರು. ನಾನೂ ತೆಗೆದುಕೊಂಡೆ. ಮಲಗಿದ ಓಣಿಯನ್ನು ದಾಟಿ, ಚೌಕ ದಾಟಿ, ಕೊನೆಯ ಮನೆಯನ್ನೂ ದಾಟಿ, ಊರಿನ ಯಾವ ಕಿವಿಗೂ ಎಟುಕದಷ್ಟು ದೂರ ಜೋಳದ ಹೊಲಗಳ ನಡುವೆ ನಡೆದೆವು. ಅಲ್ಲಿ ಒಂದು ಬದುವಿನ ಮೇಲೆ ಕೂತು, ತಮ್ಮನ ವಿಷಯದಲ್ಲಿ ಅನ್ನಬೇಕಾಗಿದ್ದನ್ನು ಅಂದೆ. ಇವರು ಅದಕ್ಕೆ ಅಂದರು. ಆಮೇಲೆ ಅವ್ವನ ಮಾತು ಬಂತು. ಅವಳ ಕೈಯ ಎಣ್ಣೆಯ ವಾಸನೆ, ಅವಳು ಇವರನ್ನು ಎದುರಿಗೆ ಅಳಿಯಂದಿರು ಎಂದೂ ಹಿಂದೆ ಮುಗ್ಗಲು ರುದ್ರ ಎಂದೂ ಕರೆಯುತ್ತಿದ್ದದ್ದು. ಇವರಿಗೆ ಅದು ಮೊದಲೇ ಗೊತ್ತಿತ್ತಂತೆ. ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಅವತ್ತು ಚೀರಬೇಕಾಗಿದ್ದನ್ನು ಅಲ್ಲಿ, ಜೋಳದ ನಡುವೆ, ಬಾಯಿ ಬಿಟ್ಟು ಚೀರಿದೆ. ಇವರು ನನ್ನ ರಟ್ಟೆ ಹಿಡಿದುಕೊಂಡು ಕೂತಿದ್ದರು. ಸುಮ್ಮನಿರು ಎಂದು ಒಂದು ಸಲವೂ ಅನ್ನಲಿಲ್ಲ.

ಎಷ್ಟು ಹೊತ್ತು ಕೂತೆವೋ ತಿಳಿಯದು. ಒಮ್ಮೆ ಇವರು ಮಾತು ನಿಲ್ಲಿಸಿ ತಲೆ ಎತ್ತಿದರು. ಬೆಳಗಿನ ಜಾಗಟೆಯ ಹೊತ್ತು ಆಗಿತ್ತು; ಇವರ ಮುಖ ನೋಡಿ ನನಗೂ ಗೊತ್ತಾಯಿತು. ಏಳುತ್ತಾರೆ ಎಂದುಕೊಂಡೆ. ನನ್ನ ಕಡೆ ತಿರುಗಿ, "ಹೇಳು, ಪೂರ್ತಿ ಹೇಳಿ ಮುಗಸು" ಅಂದರು.

ಪೂರ್ತಿ ಹೇಳಿದೆ. ಅಂದು ಊರಿಗೆ ಬೆಳಗು ಬಹಳ ತಡವಾಗಿ ಆಯಿತು. ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ, ಎಲ್ಲರಿಗೂ ಬಾಕಿ ನಿದ್ದೆ ಇತ್ತು.

ನಾವು ಬರಿಗಾಲಲ್ಲಿ ಮನೆಗೆ ಬಂದಾಗ ಶಂಕ್ರವ್ವ ಹಾಗೆಯೇ ಕೂತಿದ್ದಳು, ಕಣ್ಣು ಕೆಂಪಾಗಿದ್ದವು. ತೊಟ್ಟಿಲಲ್ಲಿ ಮಗು ಎದ್ದಿತ್ತು. ಹೊಟ್ಟೆ ಹಸಿದು ಕಾಲು ಆಡಿಸುತ್ತಿತ್ತು, ತುಟಿ ಚಪ್ಪರಿಸುತ್ತಿತ್ತು, ಆದರೆ ನಮ್ಮನ್ನು ನೋಡುತ್ತ, ಬಾಯಿ ಮುಚ್ಚಿಕೊಂಡು ಕಾಯುತ್ತಿತ್ತು. ಇವರು ಅದನ್ನು ನೋಡಿದವರೇ ಜಾಗಟೆ ಎತ್ತಿಕೊಂಡು ಚೌಕಕ್ಕೆ ಓಡಿದರು. ಜಾಗಟೆ ಬಿತ್ತು. ಊರೆಲ್ಲ ಒಟ್ಟಿಗೆ ಬಾಯಿ ಬಿಟ್ಟಿತು, ಅದರ ಜೊತೆಗೆ ಮಗುವೂ ಅತ್ತಿತು. ಶಂಕ್ರವ್ವ ಎದ್ದು, ಸೀರೆ ಕೊಡವಿಕೊಂಡು, ಹೊರಗೆ ಹೋಗಿ, ಗಾಡಿಯವನನ್ನು ಕರೆಯದೆ ತಾನೇ ಟ್ರಂಕನ್ನು ಇಳಿಸಿ ಒಳಗೆ ತಂದಿಟ್ಟಳು.